ಸೋತ ಕೋಚ್‌ಗೆ 630 ಕೋಟಿ: ಸಹಿ ಹಾಕಿದವರು ಯಾರು?

(ಹ್ಯೂಸ್ಟನ್ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ, 2025ರ ನವೆಂಬರ್ ಕೊನೆಯ ವಾರ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ರಾಜ್ಯೋತ್ಸವದ ವೇದಿಕೆಯಲ್ಲಿ ಕಾಲೇಜು ಫುಟ್‌ಬಾಲ್ ಬಗ್ಗೆ ಮಾತಾಡುತ್ತೇನೆ ಎಂದಾಗ ನಿಮ್ಮ ಕಾರ್ಯದರ್ಶಿಗಳು ಫೋನಿನಲ್ಲಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಆಗಲಿ ಸರ್, ಊಟಕ್ಕೆ ಮೊದಲು ಮುಗಿಸಿಬಿಡಿ" ಎಂದರು. ಮುಗಿಸುತ್ತೇನೆ.

ಮುಂದಿನ ಸಾಲಿನಲ್ಲಿ ಊರಿನಿಂದ ಬಂದ ಅಪ್ಪ ಅಮ್ಮಂದಿರು ಕುಳಿತಿದ್ದೀರಿ. ನಿಮಗಾಗಿ ಒಂದು ಮಾತು. ಇಲ್ಲಿನ ಫುಟ್‌ಬಾಲ್‌ನಲ್ಲಿ ಕಾಲಿಗೆ ಕೆಲಸ ಕಡಿಮೆ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುತ್ತಾರೆ, ಎದುರಿನವರು ಹಿಡಿದು ಕೆಡವುತ್ತಾರೆ. ಇಷ್ಟು ಗೊತ್ತಿದ್ದರೆ ಸಾಕು, ಇವತ್ತಿನ ಕಥೆ ಮೈದಾನದೊಳಗಿನದಲ್ಲ.

ನಾನು ಇರುವುದು ಇಲ್ಲಿಂದ ಒಂದೂವರೆ ಗಂಟೆ ದೂರದ ಕಾಲೇಜ್ ಸ್ಟೇಷನ್‌ನಲ್ಲಿ. ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಊರು. ನಾನು ಅಲ್ಲಿ ಓದಿದವನಲ್ಲ, ಅಲ್ಲಿನ ನೌಕರನೂ ಅಲ್ಲ. ಮಗಳು ಓದಿದಳು, ಶುಲ್ಕ ಕಟ್ಟಿದೆ. ಮನೆ ಇದೆ, ತೆರಿಗೆ ಕಟ್ಟುತ್ತೇನೆ. ಮಾತಾಡುವ ಹಕ್ಕು ಬಂದದ್ದು ಈ ಎರಡು ರಸೀದಿಗಳಿಂದ.

ಪಂದ್ಯದ ಶನಿವಾರ ನಮ್ಮ ಊರು ಹೇಗಿರುತ್ತದೆ ಎಂದು ಹೇಳಬೇಕು. ಬೆಳಗ್ಗೆ ಏಳಕ್ಕೇ ಪಕ್ಕದ ಬೀದಿಯ ಅಜ್ಜ ಮಡಿಸುವ ಕುರ್ಚಿ ಹಾಕಿಕೊಂಡು ತನ್ನ ಹುಲ್ಲುಹಾಸಿನ ಅಂಚಿನಲ್ಲಿ ಕೂರುತ್ತಾನೆ. ಕೈಯಲ್ಲಿ ರಟ್ಟಿನ ತುಂಡು, ಅದರ ಮೇಲೆ ಬೆಲೆ. ಅವನ ಅಂಗಳದಲ್ಲಿ ಒಂಬತ್ತು ಕಾರು ನಿಲ್ಲುತ್ತವೆ. ಹತ್ತನೆಯದನ್ನು ಗುಲಾಬಿ ಗಿಡದ ಮೇಲೆಯೇ ಹತ್ತಿಸಬೇಕು, ಅದಕ್ಕೆ ಅಜ್ಜಿ ಬಿಡುವುದಿಲ್ಲ. ಕೈಲ್ ಫೀಲ್ಡ್ ಕ್ರೀಡಾಂಗಣದಲ್ಲಿ 102,733 ಆಸನಗಳಿವೆ. ವಿದ್ಯಾರ್ಥಿಗಳಿಗೆ ಮಾತ್ರ ಆಸನ ಹೆಸರಿಗಷ್ಟೇ, ಇಡೀ ಪಂದ್ಯ ನಿಂತೇ ನೋಡುತ್ತಾರೆ. 1922ರಲ್ಲಿ ಆಟಗಾರರು ಗಾಯಗೊಂಡು ಕಡಿಮೆಯಾದಾಗ ಪ್ರೇಕ್ಷಕರ ನಡುವಿನಿಂದ ಒಬ್ಬ ಹುಡುಗನನ್ನು ಕರೆದು ಸಮವಸ್ತ್ರ ತೊಡಿಸಿ ಅಂಚಿನಲ್ಲಿ ನಿಲ್ಲಿಸಿದ್ದರಂತೆ. ಅವನನ್ನು ಆಡಿಸುವ ಪ್ರಸಂಗ ಬರಲಿಲ್ಲ. ಆದರೆ ಅಗತ್ಯ ಬಿದ್ದರೆ ನಾವಿದ್ದೇವೆ ಎಂದು ಅವರು ಇವತ್ತಿಗೂ ನಿಲ್ಲುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗಕ್ಕೆ ಕೈ ಹಾಕುವವರ ಮುಖ ನೋಡಿದ್ದೀರಲ್ಲ, ಅದೇ ಮುಖ. ಈ ಭಕ್ತಿಯನ್ನು ಗೇಲಿ ಮಾಡುವವನು ನಾನಲ್ಲ.

ಭಕ್ತಿಯ ಹೆಸರಿನಲ್ಲಿ ಹುಂಡಿಯನ್ನು ಯಾರು, ಯಾರನ್ನು ಕೇಳಿ ಒಡೆದರು ಎಂಬುದಷ್ಟೇ ನನ್ನ ತಕರಾರು.

2017ರ ಡಿಸೆಂಬರ್‌ನಲ್ಲಿ ಜಿಂಬೋ ಫಿಷರ್ ಎಂಬ ಕೋಚ್ ಬಂದರು. ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಿದ್ದವರು. ಹತ್ತು ವರ್ಷಕ್ಕೆ 7.5 ಕೋಟಿ ಡಾಲರ್, ಸೋತರೂ ಗೆದ್ದರೂ ಪೂರ್ತಿ ಖಾತರಿ. ವಿಶ್ವವಿದ್ಯಾಲಯ ಕೊನೆಯ ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು 1939ರಲ್ಲಿ, ಆದ್ದರಿಂದ ಹಸಿವು ದೊಡ್ಡದು. ಆಗಿನ ಕುಲಪತಿ ಜಾನ್ ಶಾರ್ಪ್ ಅವರು ಹೊಸ ಕೋಚ್‌ಗೆ ಒಂದು ಫಲಕ ಕೊಟ್ಟರು. ರಾಷ್ಟ್ರೀಯ ಚಾಂಪಿಯನ್ ಎಂದು ಕೆತ್ತಿದ್ದ ಫಲಕ, ಇಸವಿಯ ಜಾಗ ಮಾತ್ರ ಖಾಲಿ. ಮಗು ಹುಟ್ಟುವ ಮೊದಲು ಕುಲಾವಿ ಹೊಲಿಸುವುದು ಗೊತ್ತು. ಇಲ್ಲಿ ಮದುವೆಗೆ ಮೊದಲೇ ಹೊಲಿಸಿದ್ದರು.

2020ರಲ್ಲಿ ತಂಡ ಒಂಬತ್ತು ಪಂದ್ಯ ಗೆದ್ದು ಒಂದರಲ್ಲಿ ಸೋತಿತು. ಒಳ್ಳೆಯ ಸಾಧನೆಯೇ. 2021ರಲ್ಲಿ ಕರಾರನ್ನು 2031ರವರೆಗೆ ವಿಸ್ತರಿಸಿದರು, ಸಂಬಳ ವರ್ಷಕ್ಕೆ 90 ಲಕ್ಷ ಡಾಲರ್ ದಾಟಿತು. ಹಳೆಯ ಕರಾರಿನಲ್ಲಿ ಇನ್ನೂ ಆರು ವರ್ಷ ಉಳಿದಿತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಬಾಡಿಗೆದಾರ ಎಲ್ಲಿ ಬಿಟ್ಟು ಹೋಗುತ್ತಾನೋ ಎಂದು ಮನೆ ಮಾಲೀಕನೇ ಅವನಿಗೆ ಹಣ ಕೊಟ್ಟು ಕೂರಿಸಿಕೊಂಡ ಹಾಗೆ. ಮರುವರ್ಷ ಸ್ವಂತ ಅಂಗಳದಲ್ಲೇ ಅಪಲೇಚಿಯನ್ ಸ್ಟೇಟ್ ಎಂಬ ಸಣ್ಣ ತಂಡದ ಕೈಯಲ್ಲಿ 17-14ರಿಂದ ಸೋತರು. ಆ ಇಡೀ ಋತುವಿನಲ್ಲಿ ಐದು ಗೆಲುವು, ಏಳು ಸೋಲು. 2023ರ ನವೆಂಬರ್ 11ರಂದು ಮಿಸಿಸಿಪಿ ಸ್ಟೇಟ್ ವಿರುದ್ಧ 51-10ರಿಂದ ಗೆದ್ದರು. ಮಾರನೆಯ ದಿನ ಬೆಳಗ್ಗೆ ಫಿಷರ್ ಅವರನ್ನು ತೆಗೆದುಹಾಕಿದರು.

ಕರಾರಿನ ಪ್ರಕಾರ ಕೊಡಬೇಕಾದದ್ದು 7.6 ಕೋಟಿ ಡಾಲರ್‌ಗೂ ಹೆಚ್ಚು. ಆಗಿನ ದರದಲ್ಲಿ 630 ಕೋಟಿ ರೂಪಾಯಿ. ಮೊದಲ 60 ದಿನದೊಳಗೆ ಸುಮಾರು 1.9 ಕೋಟಿ ಡಾಲರ್, ಉಳಿದದ್ದು 2031ರವರೆಗೆ ಪ್ರತಿ ವರ್ಷ 70 ಲಕ್ಷ ಡಾಲರ್‌ಗೂ ಮೇಲೆ. ಅವರು ನಾಳೆ ಬೇರೆ ಕಡೆ ಕೆಲಸ ಹಿಡಿದರೂ ಇದರಲ್ಲಿ ಒಂದು ಬಿಡಿಗಾಸೂ ಕಡಿತವಿಲ್ಲ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ಫಿಷರ್ ಮೇಲೆ ನನಗೆ ಕೋಪವಿಲ್ಲ. ಅಂಥ ಕಾಗದ ಮುಂದಿಟ್ಟರೆ ಈ ಸಭಾಂಗಣದಲ್ಲಿ ಪೆನ್ನು ಹುಡುಕದವರು ಯಾರಿದ್ದೀರಿ?

ಕಾಗದದ ಇನ್ನೊಂದು ತುದಿಯಲ್ಲಿ ಇದ್ದವರು ರೀಜೆಂಟರ ಮಂಡಳಿ. ನಮ್ಮ ಕಡೆಯ ಸಿಂಡಿಕೇಟ್‌ನಂತೆ ಎಂದುಕೊಳ್ಳಿ. ಒಂಬತ್ತು ಮಂದಿ, ಆರು ವರ್ಷದ ಅವಧಿ, ನೇಮಿಸುವವರು ಗವರ್ನರ್. ಜನ ಆರಿಸುವುದಿಲ್ಲ. ನೌಕರರ ವಿಷಯ ಬಂದರೆ ಬಾಗಿಲು ಮುಚ್ಚಿ ಚರ್ಚಿಸಲು ಕಾನೂನೇ ಅವಕಾಶ ಕೊಟ್ಟಿದೆ. ಮತ ಹಾಕುವಾಗ ಮಾತ್ರ ಬಾಗಿಲು ತೆರೆಯಬೇಕು. ಅಷ್ಟು ಹೊತ್ತಿಗೆ ಒಳಗಿನ ಮಾತು ಮುಗಿದು ಕಾಫಿ ಲೋಟವೂ ಖಾಲಿಯಾಗಿರುತ್ತದೆ.

ಈಗ ಇದನ್ನು ನಮ್ಮ ಬ್ರಾಜೋಸ್ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯ, ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಆಡಳಿತ ನಡೆಸುವವರು ಐದು ಮಂದಿ, ಎಲ್ಲರೂ ಚುನಾಯಿತರು. ಆಸ್ತಿ ತೆರಿಗೆ ನಿಗದಿ ಮಾಡುವ ದಿನ ಐವರಲ್ಲಿ ನಾಲ್ವರು ಹಾಜರಿರಬೇಕು ಎಂಬುದು ಟೆಕ್ಸಾಸ್ ಕಾನೂನು. 2022ರಲ್ಲಿ ಪ್ರಸ್ತಾಪವಾದ ತೆರಿಗೆ ದರ ಅತಿಯಾಯಿತು ಎಂದು ಇಬ್ಬರು ಸದಸ್ಯರು ವಾರಗಟ್ಟಲೆ ಸಭೆಗೇ ಬರಲಿಲ್ಲ. ಕೋರಂ ಇಲ್ಲ, ಮತ ಇಲ್ಲ. ಜಗಳ ಇದ್ದದ್ದು ನೂರು ಡಾಲರ್ ಮೌಲ್ಯಕ್ಕೆ ಕೆಲವೇ ಸೆಂಟ್‌ಗಳ ಬಗ್ಗೆ. ಕೊನೆಗೆ ಕಾನೂನಿನಂತೆ ಕಡಿಮೆ ದರವೇ ತಾನಾಗಿ ಜಾರಿಗೆ ಬಂತು. ಗೈರುಹಾಜರಾದವರು ಮಾಡಿದ್ದು ಸರಿಯೋ ತಪ್ಪೋ, ನಮ್ಮ ಬೀದಿಯಲ್ಲಿ ಇವತ್ತಿಗೂ ವಾದವಿದೆ. ನನ್ನನ್ನು ಕೇಳಿದರೆ, ಗೆದ್ದು ಬಂದವನು ಕುರ್ಚಿಯಲ್ಲಿ ಕೂತು ಬೇಡ ಎನ್ನಬೇಕು. ಆದರೆ ಅವರ ಹೆಸರು ನಮಗೆಲ್ಲ ಗೊತ್ತು, ದಿನಸಿ ಅಂಗಡಿಯಲ್ಲಿ ಅಡ್ಡಗಟ್ಟಿ ಕೇಳಬಹುದು. ಫಿಷರ್ ಕರಾರನ್ನು ವಿಸ್ತರಿಸಿದ ಒಂಬತ್ತು ಜನರಲ್ಲಿ ಒಬ್ಬರ ಹೆಸರನ್ನಾದರೂ ಹೇಳಬಲ್ಲವರು ನಮ್ಮ ಬೀದಿಯಲ್ಲಿ ಇಲ್ಲ.

ಇದಕ್ಕೂ ಮೊದಲು ನಾನು ಬೇರೊಂದು ಸಣ್ಣ ಊರಿನಲ್ಲಿದ್ದೆ. ಹೆಸರು ಬೇಡ. ಶಾಲೆಯ ಮುಂದೆ ಇನ್ನೂರು ಅಡಿ ಕಾಲುದಾರಿ ಬೇಕೆಂದು ನಗರಸಭೆಗೆ ಹೋದೆ. ನಾಗರಿಕರಿಗೆ ಮೂರು ನಿಮಿಷ. ಮೈಕಿನ ಪಕ್ಕದಲ್ಲಿ ಪುಟ್ಟ ದೀಪ: ಹಸಿರು, ಹಳದಿ, ಕೆಂಪು. ನಾನು ಕನ್ನಡದ ಪದ್ಧತಿಯಂತೆ ವೇದಿಕೆಯ ಮೇಲಿದ್ದವರಿಗೆಲ್ಲ ವಂದಿಸುವಷ್ಟರಲ್ಲಿ ಹಳದಿ ಬಂತು. ಕಾಲುದಾರಿಗೆ ಹಣವಿಲ್ಲ ಎಂದರು. ನಾಲ್ಕು ವರ್ಷ, ಒಂಬತ್ತು ಸಭೆ. ಆದರೆ ಪ್ರತಿ ಸಲವೂ ಹಣವಿಲ್ಲ ಎಂದು ಯಾರೋ ಒಬ್ಬರು ನನ್ನ ಮುಖ ನೋಡಿಯೇ ಹೇಳಬೇಕಾಯಿತು. ಆ ಮುಜುಗರಕ್ಕೂ ಒಂದು ಬೆಲೆ ಇದೆ. ಐದನೆಯ ವರ್ಷ ಕಾಲುದಾರಿ ಬಂತು.

"ಇದು ತೆರಿಗೆಯ ಹಣವಲ್ಲವಲ್ಲ, ದಾನಿಗಳ ಹಣ" ಎಂದು ಹೇಳುವವರಿದ್ದಾರೆ. ಟಿಕೆಟ್, ಟಿವಿ ಹಕ್ಕು, ದೇಣಿಗೆ, ಎಲ್ಲವೂ ಕ್ರೀಡಾ ವಿಭಾಗದ ಗಂಟು ಎನ್ನುತ್ತಾರೆ. ಒಪ್ಪೋಣ. ಆದರೆ ಸಹಿ ಬಿದ್ದದ್ದು ಸರ್ಕಾರಿ ವಿಶ್ವವಿದ್ಯಾಲಯದ ಹೆಸರಿನಲ್ಲಿ. ದೇವಸ್ಥಾನಕ್ಕೆ ಬಂದ ಕಾಣಿಕೆಯೂ ಸರ್ಕಾರದ ಹಣವಲ್ಲ, ಹಾಗೆಂದು ಲೆಕ್ಕ ಕೇಳುವುದನ್ನು ಬಿಡುತ್ತೇವೆಯೇ?

ಗೋಪ್ಯತೆಯ ಚಾಳಿ ಕೋಚ್‌ಗಳಲ್ಲಿಯೇ ನಿಲ್ಲುವುದಿಲ್ಲ. ಮೆಕ್ಸಿಕೊ ಗಡಿಯ ಮೆಕ್ಯಾಲೆನ್ ನಗರ 2015ರ ಹಬ್ಬದ ಮೆರವಣಿಗೆಗೆ ಗಾಯಕ ಎನ್ರಿಕೆ ಇಗ್ಲೇಷಿಯಸ್ ಅವರನ್ನು ಕರೆಸಿತು. ಎಷ್ಟು ಕೊಟ್ಟಿರಿ ಎಂದು ಜನ ಕೇಳಿದರೆ, ವ್ಯಾಪಾರದ ಗುಟ್ಟು, ಹೇಳಲಾಗದು ಎಂದಿತು. ಅದೇ ವರ್ಷ ಬೋಯಿಂಗ್ ಕಂಪನಿಯ ಮೊಕದ್ದಮೆಯಲ್ಲಿ, ಪೈಪೋಟಿದಾರರಿಗೆ ಲಾಭವಾಗುವ ಮಾಹಿತಿಯನ್ನು ಗುಟ್ಟಾಗಿಡಬಹುದು ಎಂದು ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟಿದ್ದ ತೀರ್ಪು ನಗರಸಭೆಗೆ ಗುರಾಣಿಯಾಯಿತು. ನಮ್ಮ ಮಾಹಿತಿ ಹಕ್ಕು ಕಾಯ್ದೆ ಬಂದದ್ದು 2005ರಲ್ಲಿ, ಟೆಕ್ಸಾಸ್‌ನದು 1973ರಲ್ಲಿ. ಅಷ್ಟು ಹಳೆಯ ಕಾನೂನಿಗೂ ತೂತು ಬೀಳುತ್ತದೆ. 2019ರಲ್ಲಿ ಶಾಸಕಾಂಗ ಆ ತೂತಿಗೆ ತೇಪೆ ಹಾಕಿತು.

ತೇಪೆ ಹಾಕಲು ಬರುತ್ತದೆ ಎಂಬುದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ ನಿಮ್ಮ ಮನೆಯ ಹತ್ತಿರವೇ ಇದೆ. ಕೇಟಿಯಲ್ಲಿ ಮನೆ ಮಾಡಿಕೊಂಡವರು ಇಲ್ಲಿ ಬಹಳ ಮಂದಿ ಇದ್ದೀರಿ. 2013ರಲ್ಲಿ ಅಲ್ಲಿನ ಶಾಲಾ ಜಿಲ್ಲೆ ಹೈಸ್ಕೂಲ್ ಮಕ್ಕಳ ಫುಟ್‌ಬಾಲ್ ಕ್ರೀಡಾಂಗಣಕ್ಕೆ ಸಾಲಪತ್ರ ತರಲು ಮತ ಕೇಳಿತು. ಮತದಾರರು ಬೇಡ ಎಂದರು. ಮರುವರ್ಷ ಅದನ್ನೇ ಹೊಸ ಶಾಲಾ ಕಟ್ಟಡಗಳ ಜೊತೆ ಸೇರಿಸಿ, 74.8 ಕೋಟಿ ಡಾಲರ್‌ನ ಒಂದೇ ಗಂಟು ಮಾಡಿ ಮತ್ತೆ ಮುಂದಿಟ್ಟರು. ಶಾಲೆ ಬೇಕೆಂದರೆ ಕ್ರೀಡಾಂಗಣವನ್ನೂ ನುಂಗಬೇಕು. ಬೆಲ್ಲದೊಳಗೆ ಗುಳಿಗೆ. ಅಂಗೀಕಾರವಾಯಿತು. 7 ಕೋಟಿ ಡಾಲರ್ ದಾಟಿದ ಲೆಗಸಿ ಕ್ರೀಡಾಂಗಣ 2017ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು, ಬೆನ್ನಿಗೇ ಹಾರ್ವೆ ಚಂಡಮಾರುತ ಬಂತು. ಆ ಮಳೆ ನಿಮಗೆ ನೆನಪಿರಬೇಕು.

2019ರಲ್ಲಿ ಟೆಕ್ಸಾಸ್ ಕಾನೂನು ಬದಲಾಯಿತು. ಈಗ ಸಾವಿರಕ್ಕಿಂತ ಹೆಚ್ಚು ಜನ ಕೂರುವ ಶಾಲಾ ಕ್ರೀಡಾಂಗಣ ಕಟ್ಟುವುದಾದರೆ ಮತಪತ್ರದಲ್ಲಿ ಅದಕ್ಕೆ ಪ್ರತ್ಯೇಕ ಪ್ರಶ್ನೆ ಇರಬೇಕು. ಸಾಲಪತ್ರವಾದರೆ, ಇದು ಆಸ್ತಿ ತೆರಿಗೆಯ ಏರಿಕೆ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಬೇಕು. ಹೈಸ್ಕೂಲಿಗೆ ಇಷ್ಟು ಕಟ್ಟುನಿಟ್ಟು ಮಾಡಿದವರಿಗೆ ವಿಶ್ವವಿದ್ಯಾಲಯದ ಮೇಲೆ ಮಾತ್ರ ಏಕೆ ಇಷ್ಟು ಮಮತೆ?

ಕೋಚ್ ಸಂಬಳಕ್ಕೆ ಜನಮತ ಬೇಕು ಎಂದು ನಾನು ಹೇಳುತ್ತಿಲ್ಲ. ಹಾಗೆ ಮಾಡಿದರೆ ಗೆದ್ದ ವಾರ ಇಡೀ ಊರನ್ನೇ ಬರೆದುಕೊಟ್ಟುಬಿಡುತ್ತೇವೆ, ನಮ್ಮ ಬುದ್ಧಿಯ ಮೇಲೂ ನನಗೆ ಅಂಥ ನಂಬಿಕೆ ಇಲ್ಲ. ನಾನು ಕೇಳುವುದು ಸಣ್ಣದು. ಕರಾರಿನ ಕರಡು ಮತಕ್ಕೆ ಮೊದಲು ಒಂದು ವಾರ ಸಾರ್ವಜನಿಕರ ಕಣ್ಣಿಗೆ ಬೀಳಲಿ. ತೆಗೆದುಹಾಕಿದರೆ ಎಷ್ಟು ಕೊಡಬೇಕು ಎಂಬ ಅಂಕಿ ಮೊದಲ ಪುಟದಲ್ಲಿರಲಿ. ಪ್ರತಿಯೊಬ್ಬ ರೀಜೆಂಟ್ ಹೆಸರು ಹಿಡಿದು ಹೌದು ಅಥವಾ ಇಲ್ಲ ಎನ್ನಲಿ. ಋತುವಿನ ನಡುವೆ, ಚಪ್ಪಾಳೆಯ ಸದ್ದಿನಲ್ಲಿ, ಕರಾರು ವಿಸ್ತರಿಸುವುದು ಬೇಡ.

ಕೊನೆಯದನ್ನು ಹೇಳುವಾಗ ನಮ್ಮ ಊರಿನಲ್ಲಿ ನನ್ನನ್ನು ದ್ರೋಹಿಯ ಹಾಗೆ ನೋಡುತ್ತಾರೆ. ಏಕೆಂದರೆ ಈಗಿನ ಕೋಚ್ ಮೈಕ್ ಎಲ್ಕೊ ಅವರ ತಂಡ ಈ ವರ್ಷ ಇದುವರೆಗಿನ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಸೋತಿಲ್ಲ. ನನಗೂ ಖುಷಿಯೇ, ಸೌತ್ ಕ್ಯಾರೊಲಿನಾ ವಿರುದ್ಧ 3-30ರಿಂದ ಹಿಂದಿದ್ದವರು 31-30ರಿಂದ ಗೆದ್ದಾಗ ಸೋಫಾ ಮೇಲೆ ಹತ್ತಿ ಕೂಗಿದವನು ನಾನು. ಅದೇ ಹೊತ್ತಿಗೆ ಅವರ ಕರಾರು 2031ರವರೆಗೆ ವಿಸ್ತರಣೆಯಾಯಿತು, ವರ್ಷಕ್ಕೆ 1.1 ಕೋಟಿ ಡಾಲರ್‌ಗೂ ಮೇಲೆ ಎಂಬ ಸುದ್ದಿ ಬಂತು. ಹಿಂದಿನವರಿಗೆ ಕಂತು ಕಟ್ಟುತ್ತಿರುವುದೂ 2031ರವರೆಗೆ.

ಪಕ್ಕದ ಲೂಸಿಯಾನಾದಲ್ಲಿ ಕಳೆದ ತಿಂಗಳು ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯ ಎಲ್‌ಎಸ್‌ಯುನ ಕೋಚ್ ಬ್ರಯನ್ ಕೆಲ್ಲಿ ಅವರನ್ನು ತೆಗೆದರು, ಬಾಕಿ ಸುಮಾರು 5.4 ಕೋಟಿ ಡಾಲರ್. ಗವರ್ನರ್ ಜೆಫ್ ಲ್ಯಾಂಡ್ರಿ ಸಿಟ್ಟಾಗಿ, ಮುಂದಿನ ಕೋಚ್‌ನನ್ನು ಕ್ರೀಡಾ ನಿರ್ದೇಶಕ ಸ್ಕಾಟ್ ವುಡ್‌ವರ್ಡ್ ಆರಿಸುವುದಿಲ್ಲ ಎಂದು ಪತ್ರಕರ್ತರೆದುರೇ ಹೇಳಿಬಿಟ್ಟರು. ಮರುದಿನ ನಿರ್ದೇಶಕರೂ ಹೊರನಡೆದರು. 2017ರಲ್ಲಿ ಫಿಷರ್ ಅವರನ್ನು ನಮ್ಮಲ್ಲಿಗೆ ಕರೆತಂದವರು ಇದೇ ವುಡ್‌ವರ್ಡ್. ಗವರ್ನರ್ ಮಾತು ಕೇಳಿ ಕೆಲವರು ಚಪ್ಪಾಳೆ ತಟ್ಟಿದರು, ನಾನು ತಟ್ಟಲಿಲ್ಲ. ಕರಾರು ಒಪ್ಪುವ ಮಂಡಳಿಗೆ ಅಲ್ಲಿಯೂ ಸದಸ್ಯರನ್ನು ನೇಮಿಸುವುದು ಗವರ್ನರ್ ಕಚೇರಿಯೇ. ಸಹಿ ಬೀಳುವ ದಿನ ಇಲ್ಲದ ಸಿಟ್ಟು ಬಿಲ್ಲು ಬಂದ ದಿನ ಬಂದರೆ ಅದನ್ನು ನಾನು ರಾಜಕೀಯ ಎಂದು ಕರೆಯುತ್ತೇನೆ.

ಕಾರ್ಯದರ್ಶಿಗಳು ಬಾಗಿಲ ಬಳಿ ನಿಂತು ಬಿಸಿಬೇಳೆಬಾತಿನ ಕಡೆ ಕೈ ತೋರಿಸುತ್ತಿದ್ದಾರೆ. ನನ್ನ ಕೆಂಪು ದೀಪ ಹತ್ತಿತು ಎಂದು ಅರ್ಥ. ಪ್ರಶ್ನೆ ಇದ್ದವರು ತಟ್ಟೆ ಹಿಡಿದುಕೊಂಡೇ ಬನ್ನಿ, ಕೇಟಿಯವರು ಮೊದಲು. ನಿಮ್ಮ ಶಾಲಾ ಮಂಡಳಿಯ ಮುಂದಿನ ಸಭೆ ಯಾವತ್ತು ಎಂದು ನಾನೇ ನಿಮ್ಮನ್ನು ಕೇಳುವುದಿದೆ.