ಆಪ್ತಕಾಮನಿಗೆ ಯಾತರ ಬಯಕೆ? ಸೃಷ್ಟಿಯ ಪ್ರಶ್ನೆ, ಬಳ್ಳಿಗಾವೆಯ ಅಂಗಳದಿಂದ

[ದೃಶ್ಯ: ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯ, ಬೆಳಗಿನ ಹೊತ್ತು. ನಿರೂಪಕರು ಅಂಗಳದಲ್ಲಿ ನಿಂತಿದ್ದಾರೆ.]

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪಕ್ಕೆ ಹತ್ತಿರದಲ್ಲಿರುವ ಬಳ್ಳಿಗಾವೆ ಇಂದು ಸಾಮಾನ್ಯ ಹಳ್ಳಿಯಂತೆ ಕಂಡರೂ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇದು ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಇಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಕಾಳಾಮುಖ ಶೈವರ ಆ ಮಠದಲ್ಲಿ ಹಸಿದವರಿಗೆ ಅನ್ನ, ರೋಗಿಗಳಿಗೆ ಔಷಧ ದೊರೆಯುತ್ತಿತ್ತು. ವೇದಾಧ್ಯಯನದ ಜೊತೆಗೆ ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ದರ್ಶನಗಳ ವ್ಯಾಖ್ಯಾನವೂ ನಡೆಯುತ್ತಿತ್ತು. ಈ ಪಟ್ಟಿಯನ್ನು ಸ್ವಲ್ಪ ನಿಧಾನವಾಗಿ ಓದಿದರೆ ಒಂದು ವಿಚಿತ್ರ ಗೋಚರಿಸುತ್ತದೆ. ಜಗತ್ತಿಗೆ ಈಶ್ವರನೆಂಬ ಕರ್ತನಿದ್ದಾನೆಂದು ತರ್ಕದಿಂದ ಸಾಧಿಸಲು ಹೊರಟ ನೈಯಾಯಿಕರು, ಅಂಥ ಕರ್ತನ ಅಗತ್ಯವೇ ಇಲ್ಲವೆಂದ ಸಾಂಖ್ಯರು, ಮೀಮಾಂಸಕರು ಮತ್ತು ಬೌದ್ಧರು, ಇವರೆಲ್ಲರ ವಾದಗಳನ್ನೂ ಒಂದೇ ಸೂರಿನಡಿ ಓದಿಸಲಾಗುತ್ತಿತ್ತು. ವಿಶ್ವದ ಸೃಷ್ಟಿ ಏಕಾಯಿತು ಎಂಬ ಪ್ರಶ್ನೆಯನ್ನು ಎತ್ತಿಕೊಳ್ಳಲು ಇದಕ್ಕಿಂತ ತಕ್ಕ ಅಂಗಳ ನನಗಂತೂ ಹೊಳೆಯಲಿಲ್ಲ.

[ದೃಶ್ಯ: ಮಳೆಗಾಲದ ಅಡಿಕೆ ತೋಟ; ಗೊನೆಗೆ ಕೊಟ್ಟೆ (ಮಳೆ ತಡೆಯುವ ಹೊದಿಕೆ) ಕಟ್ಟುತ್ತಿರುವುದು.]

ಮೊದಲು ಪ್ರಶ್ನೆಯನ್ನೇ ತುಸು ಬಿಡಿಸಿಕೊಳ್ಳೋಣ. ಕನ್ನಡದ 'ಏಕೆ' ಎಂಬ ಪದಕ್ಕೆ ಎರಡು ಮುಖಗಳಿವೆ. ಆಗುಂಬೆಯಲ್ಲಿ ಇಷ್ಟೊಂದು ಮಳೆ ಏಕೆ ಸುರಿಯುತ್ತದೆ ಎಂದು ಕೇಳಿದರೆ, ಕಡಲಿನಿಂದ ಬಂದ ತೇವದ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ತಣಿಯುವುದೇ ಉತ್ತರ. ಆ ಮಳೆಗಾಲದಲ್ಲಿ ಅಡಿಕೆ ಗೊನೆಗೆ ಕೊಟ್ಟೆ ಏಕೆ ಕಟ್ಟುತ್ತಾರೆ ಎಂದು ಕೇಳಿದರೆ, ಕೊಳೆರೋಗ ಬಾರದಿರಲೆಂದು ಎಂಬುದು ಉತ್ತರ. ಮೊದಲನೆಯದು ಕಾರಣ, ಎರಡನೆಯದು ಉದ್ದೇಶ. ವಿಶ್ವವು ಸುಮಾರು 1,380 ಕೋಟಿ ವರ್ಷಗಳ ಹಿಂದೆ ಅತ್ಯಂತ ಬಿಸಿಯಾದ, ಸಾಂದ್ರವಾದ ಸ್ಥಿತಿಯಿಂದ ಹಿಗ್ಗತೊಡಗಿತೆಂದು ಹೇಳುವ ವಿಜ್ಞಾನವು ಮೊದಲ ಬಗೆಯ 'ಏಕೆ'ಯನ್ನು ಬೆನ್ನಟ್ಟುತ್ತದೆ. ಧರ್ಮಗಳೂ ದಾರ್ಶನಿಕರೂ ಹೆಚ್ಚಾಗಿ ಜಗಳವಾಡಿರುವುದು ಎರಡನೆಯದರ ಬಗ್ಗೆ, ಮತ್ತು ನಮ್ಮ ಮಾತೂ ಅದರ ಬಗ್ಗೆಯೇ.

ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ನಾಸದೀಯ ಸೂಕ್ತವು, ಇರುವಿಕೆಯೂ (ಸತ್) ಇಲ್ಲದ, ಇಲ್ಲದಿರುವಿಕೆಯೂ (ಅಸತ್) ಇಲ್ಲದ ಒಂದು ಸ್ಥಿತಿಯನ್ನು ಹೇಳಿ, ಅಲ್ಲಿ ಮೊಟ್ಟಮೊದಲು 'ಕಾಮ' ಉಂಟಾಯಿತೆಂದೂ ಅದೇ ಮನಸ್ಸಿನ ಮೊದಲ ಬೀಜವೆಂದೂ ಹೇಳುತ್ತದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಪರಮಾತ್ಮನು "ನಾನು ಬಹುವಾಗುವೆನು" ಎಂದು ಬಯಸುತ್ತಾನೆ. ಬೃಹದಾರಣ್ಯಕವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಂಟಿಯಾಗಿದ್ದ ಅವನಿಗೆ ಸುಖವೆನಿಸಲಿಲ್ಲ, ಆದ್ದರಿಂದ ಎರಡನೆಯವರನ್ನು ಬಯಸಿದನು ಎನ್ನುತ್ತದೆ. ಒಂಟಿಯಾಗಿರುವವನಿಗೆ ಇಂದಿಗೂ ಸುಖವಿಲ್ಲ ಎಂಬ ಮಾತನ್ನೂ ಅದು ಅಲ್ಲಿಯೇ ಸೇರಿಸುತ್ತದೆ. ಮಳೆಗಾಲದಲ್ಲಿ ಒಂಟಿಮನೆಯಲ್ಲಿ ಕಾಲ ಕಳೆದ ಮಲೆನಾಡಿಗರಿಗೆ ಇದಕ್ಕೆ ಭಾಷ್ಯ ಬೇಕಾಗದು.

ಆದರೆ ಈ ಸುಂದರವಾದ ಉತ್ತರದಲ್ಲಿಯೇ ತೊಡಕೂ ಅಡಗಿದೆ. ಬಯಸುವವನಿಗೆ ಏನೋ ಕೊರತೆಯಿರಬೇಕು. ದೇವರಿಗೆ ಕೊರತೆಯಿದ್ದರೆ ಅವನು ಪೂರ್ಣನಲ್ಲ. ಕೊರತೆಯಿಲ್ಲದಿದ್ದರೆ ಇಷ್ಟು ದೊಡ್ಡ ಜಗತ್ತನ್ನು ಹೂಡುವ ಉಸಾಬರಿ ಅವನಿಗೆ ಏಕೆ ಬೇಕಿತ್ತು? ಪ್ರಯೋಜನವಿಲ್ಲದೆ ಮಂದಬುದ್ಧಿಯವನೂ ಕೆಲಸಕ್ಕೆ ಕೈಹಾಕುವುದಿಲ್ಲ ಎಂದು ಇದೇ ಅರ್ಥದಲ್ಲಿ ಚುಚ್ಚಿದವನು ಮೀಮಾಂಸಕನಾದ ಕುಮಾರಿಲ ಭಟ್ಟ. ಕರುಣೆಯಿಂದ ಸೃಷ್ಟಿಸಿದನೆನ್ನೋಣವೆಂದರೆ, ಸೃಷ್ಟಿಗೆ ಮೊದಲು ಕರುಣೆ ತೋರಲು ಯಾವ ಜೀವಿ ಇತ್ತು, ಮತ್ತು ಕರುಣೆಯೇ ಕಾರಣವಾಗಿದ್ದರೆ ಎಲ್ಲರನ್ನೂ ಸುಖಿಗಳನ್ನಾಗಿಯೇ ಏಕೆ ಮಾಡಲಿಲ್ಲ ಎಂದೂ ಅವನು ಕೇಳಿದನು. ಯಜ್ಞಯಾಗಗಳನ್ನು ಪ್ರಾಣದಂತೆ ಕಾಪಾಡಿದ ಮೀಮಾಂಸಕರೇ ಸೃಷ್ಟಿಕರ್ತನನ್ನು ಒಪ್ಪಲಿಲ್ಲವೆಂಬುದು ಇಂದು ಅನೇಕರಿಗೆ ಅಚ್ಚರಿಯಾದೀತು.

[ದೃಶ್ಯ: ಶೃಂಗೇರಿಯ ತುಂಗಾ ತೀರ. ಹಿನ್ನೆಲೆಯಲ್ಲಿ ದೂರದ ಚಂಡೆ, ಮದ್ದಳೆಯ ದನಿ.]

ಈ ಆಕ್ಷೇಪವನ್ನು ವೇದಾಂತದ ಮೂಲಗ್ರಂಥವಾದ ಬ್ರಹ್ಮಸೂತ್ರಗಳು ಮರೆಮಾಚದೆ ತಾವೇ ಎತ್ತಿ, "ಲೋಕವತ್ತು ಲೀಲಾಕೈವಲ್ಯಮ್" ಎಂಬ ಒಂದೇ ಸೂತ್ರದಲ್ಲಿ ಉತ್ತರಿಸುತ್ತವೆ: ಲೋಕದಲ್ಲಿ ಕಾಣುವಂತೆ, ಇದು ಬರಿಯ ಲೀಲೆ. ಇಷ್ಟು ಚಿಕ್ಕ ಸೂತ್ರದ ಮೇಲೆ ಮೂವರು ಆಚಾರ್ಯರು ಕೊಟ್ಟ ದೃಷ್ಟಾಂತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಬಹಳ ಪ್ರಿಯವಾದ ಕೆಲಸ. ಬೇಕಾದುದೆಲ್ಲವೂ ಕೈಗೂಡಿದ ರಾಜನು ಕ್ರೀಡೆಯಲ್ಲಿ ತೊಡಗುವಂತೆ ಎಂದು ಹೇಳಿದ ಶಂಕರರು, ಅದರಲ್ಲಿಯೂ ಯಾರಾದರೂ ಸಣ್ಣ ಪ್ರಯೋಜನವನ್ನು ಹುಡುಕಿಯಾರೆಂದು ಉಸಿರಾಟದ ಉದಾಹರಣೆಯನ್ನು ಮುಂದಿಡುತ್ತಾರೆ. ಉಸಿರು ಯಾವ ಲಾಭವನ್ನೂ ಲೆಕ್ಕಹಾಕದೆ ಸ್ವಭಾವದಿಂದಲೇ ಆಡುತ್ತದೆ. ರಾಮಾನುಜರು ಏಳು ದ್ವೀಪಗಳನ್ನು ಆಳುವ ಚಕ್ರವರ್ತಿಯೂ ಚೆಂಡಾಡುತ್ತಾನಲ್ಲವೇ ಎನ್ನುತ್ತಾರೆ. ಮಧ್ವರ ಉದಾಹರಣೆಯಂತೂ ಸೊಗಸಾಗಿದೆ: ಮತ್ತನಾದವನು ಸುಖ ಉಕ್ಕಿಬಂದು ಕುಣಿಯುತ್ತಾನೆ, ಹಾಡುತ್ತಾನೆ, ಅದರಿಂದ ಏನನ್ನೋ ಪಡೆಯಲೆಂದಲ್ಲ. ಕೊರತೆಯಿಂದ ಹೊರಟ ಬಯಕೆಯ ಜಾಗಕ್ಕೆ ತುಂಬಿ ತುಳುಕುವ ಆನಂದವನ್ನು ತಂದಿಟ್ಟು, ಮಧ್ವರು ಪ್ರಶ್ನೆಯ ಮೊದಲ ಕೊಂಬೆಯನ್ನೇ ಕತ್ತರಿಸಿಬಿಡುತ್ತಾರೆ.

ಲೀಲೆಯೆಂಬುದು ನಮ್ಮ ಕಡೆ ಗ್ರಂಥದಲ್ಲಿ ಮಾತ್ರ ಉಳಿದಿರುವ ಪದವೂ ಅಲ್ಲ. ಮಳೆಗಾಲದ ತಾಳಮದ್ದಳೆಯಲ್ಲಿ, ವೇಷವಿಲ್ಲದೆ ಕುಳಿತ ಅರ್ಥಧಾರಿಗಳ ನಡುವೆ ಕೃಷ್ಣನ ಪಾತ್ರಧಾರಿಯು ಎಲ್ಲವೂ ತನ್ನ ಲೀಲೆಯೆಂದು ನಕ್ಕರೆ, ಎದುರಿನವರು ಸುಮ್ಮನೆ ಬಿಡುವವರಲ್ಲ. ನಿನಗೆ ಆಟ, ನಮಗೆ ಪ್ರಾಣಸಂಕಟ ಎಂಬ ಧಾಟಿಯ ಮಾತು ಬಂದೇ ಬರುತ್ತದೆ. ಆ ಮಾತಿಗೆ ಮತ್ತೆ ಬರೋಣ.

[ದೃಶ್ಯ: ಹಿನ್ನೆಲೆ ಕಪ್ಪು. ಗ್ರಂಥಗಳ ಹೆಸರು ಮತ್ತು ಇಸವಿಗಳು ಪರದೆಯ ಮೇಲೆ.]

ಲೀಲೆಯ ಈ ಕಲ್ಪನೆಗೆ ನೇರವಾಗಿ ಎದುರು ನಿಂತಂತೆ ಕಾಣುವುದು ಕುರ್‌ಆನ್. ಆಕಾಶವನ್ನೂ ಭೂಮಿಯನ್ನೂ ಅವುಗಳ ನಡುವಿನದನ್ನೂ ನಾವು ಆಟಕ್ಕಾಗಿ ಸೃಷ್ಟಿಸಲಿಲ್ಲವೆಂದು ಅದರ 21ನೆಯ ಅಧ್ಯಾಯವು ಸ್ಪಷ್ಟವಾಗಿ ಹೇಳುತ್ತದೆ. ಜಿನ್ನ್‌ಗಳನ್ನೂ ಮನುಷ್ಯರನ್ನೂ ಸೃಷ್ಟಿಸಿದುದು ತನ್ನ ಆರಾಧನೆಗಾಗಿಯೇ ಎಂಬುದು 51ನೆಯ ಅಧ್ಯಾಯದ ಮಾತು. ಹಾಗಾದರೆ ದೇವರಿಗೆ ಆರಾಧನೆಯ ಹಸಿವಿದೆಯೇ ಎಂದು ಕೇಳುವಷ್ಟರಲ್ಲಿಯೇ, ಅವರಿಂದ ನನಗೆ ಅನ್ನಾಹಾರವೇನೂ ಬೇಕಿಲ್ಲವೆಂದು ಮುಂದಿನ ವಚನ ಹೇಳಿಬಿಡುತ್ತದೆ. ಇಲ್ಲಿ ತಳ್ಳಿಹಾಕಿರುವುದು ಅರ್ಥವಿಲ್ಲದ ಹುಡುಗಾಟವನ್ನು. ನಮ್ಮ ಭಾಷ್ಯಕಾರರು 'ಲೀಲೆ' ಎಂಬ ಪದದಿಂದ ತಳ್ಳಿಹಾಕಿದುದು ದೇವರ ಅಗತ್ಯವನ್ನು. ದೇವರಿಗೆ ಏನೂ ಬೇಕಿಲ್ಲವೆಂಬಲ್ಲಿ ಇಬ್ಬರೂ ಒಂದೇ ಗದ್ದೆಯ ಬದುವನ್ನು ಕಾಯುತ್ತಿದ್ದಾರೆಂದು ನನಗೆ ತೋರುತ್ತದೆ. ಸೂಫಿಗಳಿಗೆ ಪ್ರಿಯವಾದ ಇನ್ನೊಂದು ಮಾತಿದೆ: ನಾನು ಅಡಗಿದ್ದ ನಿಧಿಯಾಗಿದ್ದೆ, ಅರಿಯಲ್ಪಡಬೇಕೆಂದು ಬಯಸಿ ಜಗತ್ತನ್ನು ಸೃಷ್ಟಿಸಿದೆ. ಹದೀಸ್ ಅಂದರೆ ಪ್ರವಾದಿಯ ನುಡಿಗಳ ಪಂಡಿತರು ಇದಕ್ಕೆ ಪ್ರಮಾಣಬದ್ಧವಾದ ಪರಂಪರೆಯಿಲ್ಲವೆನ್ನುತ್ತಾರಾದರೂ, 'ಬಹುವಾಗುವೆನು' ಎಂಬುದನ್ನು ಓದಿದವರ ಕಿವಿಗೆ ಇದು ತೀರ ಅಪರಿಚಿತವೆನಿಸದು.

ಗ್ರೀಸಿನ ಪ್ಲೇಟೋ, ಜಗತ್ತನ್ನು ರೂಪಿಸಿದವನು ಒಳ್ಳೆಯವನಾಗಿದ್ದ, ಒಳ್ಳೆಯವನಲ್ಲಿ ಅಸೂಯೆಯಿರುವುದಿಲ್ಲ, ಆದ್ದರಿಂದ ಎಲ್ಲವೂ ತನ್ನಂತೆಯೇ ಒಳ್ಳೆಯದಾಗಲೆಂದು ಬಯಸಿದ ಎಂದನು. ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್ ಇದೇ ಎಳೆಯನ್ನು ಹಿಡಿದು, ದೇವರು ಏನನ್ನಾದರೂ ಗಳಿಸಲೆಂದು ಸೃಷ್ಟಿಸಲಿಲ್ಲ, ತನ್ನ ಒಳಿತನ್ನು ಹಂಚಲು ಸೃಷ್ಟಿಸಿದ ಎಂದನು. ಸೃಷ್ಟಿಗೆ ಮೊದಲು ದೇವರು ಏನು ಮಾಡುತ್ತಿದ್ದನೆಂದು ಕೇಳಿದವನಿಗೆ, ಇಂಥ ಪ್ರಶ್ನೆ ಕೇಳುವವರಿಗಾಗಿ ನರಕವನ್ನು ಸಿದ್ಧಪಡಿಸುತ್ತಿದ್ದ ಎಂದು ಯಾರೋ ತಮಾಷೆ ಮಾಡಿದ್ದನ್ನು ನೆನೆದ ಅಗಸ್ಟೀನ್, ತಾನು ಹಾಗೆ ಉತ್ತರಿಸಲಾರೆನೆಂದು ಹೇಳಿ, ಕಾಲವೇ ಸೃಷ್ಟಿಯೊಡನೆ ಹುಟ್ಟಿದ್ದರಿಂದ 'ಮೊದಲು' ಎಂಬ ಪದಕ್ಕೆ ಅಲ್ಲಿ ಅರ್ಥವಿಲ್ಲವೆಂದನು.

[ದೃಶ್ಯ: ಜೋರು ಮಳೆ, ಗದ್ದೆ, ಪಕ್ಕದಲ್ಲಿ ತೋಟ.]

ಈಗ ಆ ಪ್ರಾಣಸಂಕಟದ ಮಾತಿಗೆ ಬರೋಣ. ಸೃಷ್ಟಿ ಆಟವೇ ಆಗಲಿ, ಔದಾರ್ಯವೇ ಆಗಲಿ, ಅದರಲ್ಲಿ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ನೋವು ಏಕೆ? ಲೀಲೆಯ ಸೂತ್ರದ ಬೆನ್ನಿಗೇ ಬರುವ ಸೂತ್ರವು ಪಕ್ಷಪಾತ ಮತ್ತು ಕ್ರೌರ್ಯದ ಆರೋಪವನ್ನೇ ಹೆಸರಿಸಿ, ಈಶ್ವರನು ಜೀವಿಗಳ ಕರ್ಮವನ್ನು ಅನುಸರಿಸಿ ಸೃಷ್ಟಿಸುತ್ತಾನೆಂದು ಉತ್ತರಿಸುತ್ತದೆ. ಅದನ್ನು ವಿವರಿಸಲು ಶಂಕರರು ಆರಿಸಿಕೊಂಡಿರುವುದು ಮಳೆಯನ್ನು. ಭತ್ತ, ಜವೆ ಮೊದಲಾದ ಬೆಳೆಗಳಿಗೆಲ್ಲ ಮಳೆಯು ಸಾಮಾನ್ಯ ಕಾರಣ. ಬೆಳೆಗಳಲ್ಲಿನ ಭೇದಕ್ಕೆ ಆಯಾ ಬೀಜದ ಶಕ್ತಿಯೇ ಕಾರಣ. ಗದ್ದೆಯನ್ನು ತುಂಬಿಸುವ ಆಷಾಢದ ಮಳೆಯೇ ಪಕ್ಕದ ತೋಟದ ಅಡಿಕೆಗೆ ಕೊಳೆ ತರುವುದನ್ನು ಕಂಡಿರುವ ನಮಗೆ ದೃಷ್ಟಾಂತ ಬೇಗ ತಟ್ಟುತ್ತದೆ, ಅದರ ಮಿತಿಯೂ ಅಷ್ಟೇ ಬೇಗ ಕಾಣುತ್ತದೆ. ಮೊತ್ತಮೊದಲ ಬೀಜ ಎಲ್ಲಿಂದ ಬಂತು ಎಂದರೆ, ಸಂಸಾರಕ್ಕೆ ಆದಿಯೇ ಇಲ್ಲ, ಬೀಜ ಮತ್ತು ಮೊಳಕೆಗಳಂತೆ ಕರ್ಮ ಮತ್ತು ಸೃಷ್ಟಿ ಒಂದರ ಹಿಂದೊಂದು ಬರುತ್ತಲೇ ಇವೆ ಎಂದು ಮುಂದಿನ ಸೂತ್ರವೂ ಅದರ ಮೇಲಿನ ಶಂಕರರ ಭಾಷ್ಯವೂ ಹೇಳುತ್ತವೆ. ತರ್ಕ ಬಿಗಿಯಾಗಿದೆ. ಆದರೆ ಇದನ್ನು ಒಪ್ಪಿದೊಡನೆ 'ಏಕೆ ಆರಂಭವಾಯಿತು' ಎಂಬ ಮೂಲ ಪ್ರಶ್ನೆಯೇ ಕೈಜಾರುತ್ತದೆ, ಏಕೆಂದರೆ ಆರಂಭವೆಂಬುದೇ ಇಲ್ಲ.

[ದೃಶ್ಯ: ಹೊಸನಗರ ತಾಲ್ಲೂಕಿನ ಹುಂಚ, ಪಂಚಕೂಟ ಬಸದಿ.]

ಆರಂಭವೇ ಇಲ್ಲವೆಂಬ ಈ ನಿಲುವಿಗೆ ಜೈನರು ಇನ್ನೂ ನೇರವಾದ ದಾರಿಯಲ್ಲಿ ಬಂದರು. ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ, ಸೃಷ್ಟಿಗೆ ಮೊದಲು ದೇವರು ಎಲ್ಲಿದ್ದನು, ಯಾವ ಸಾಮಗ್ರಿಯಿಂದ ಮಾಡಿದನು ಎಂದು ಕೇಳುತ್ತಾರೆ. ಅವನು ಪರಿಪೂರ್ಣನಾಗಿದ್ದರೆ ಮಾಡಬೇಕೆಂಬ ಇಚ್ಛೆ ಹುಟ್ಟಿದ್ದು ಹೇಗೆ, ಪರಿಪೂರ್ಣನಲ್ಲದಿದ್ದರೆ ಕುಂಬಾರನಿಗಿಂತ ಅವನ ಹೆಚ್ಚಳವೇನು ಎಂಬುದು ಅವರ ವಾದ. ಲೋಕವು ಅನಾದಿ, ಅದನ್ನು ಯಾರೂ ಮಾಡಲಿಲ್ಲ. ಬುದ್ಧನು ವಾದಕ್ಕೂ ಇಳಿಯಲಿಲ್ಲ. ವಿಷದ ಬಾಣ ನೆಟ್ಟವನು, ಬಿಟ್ಟವನ ಕುಲಗೋತ್ರ ತಿಳಿಯುವವರೆಗೆ ಬಾಣ ಕೀಳಗೊಡೆನೆಂದರೆ ಸತ್ತೇ ಹೋಗುತ್ತಾನೆಂದು ಹೇಳಿ, ಲೋಕ ಶಾಶ್ವತವೋ ಅಲ್ಲವೋ ಎಂಬಂಥ ಪ್ರಶ್ನೆಗಳನ್ನು ಬದಿಗಿಟ್ಟನು.

ಸಾಂಖ್ಯರ ಉತ್ತರ ಇವೆಲ್ಲಕ್ಕಿಂತ ಬೇರೆ: ಕರ್ತನಿಲ್ಲ, ಆದರೆ ಉದ್ದೇಶವಿದೆ. ಅರಿವಿಲ್ಲದ ಹಾಲು ಕರುವಿನ ಪೋಷಣೆಗಾಗಿ ಹರಿಯುವಂತೆ, ಅರಿವಿಲ್ಲದ ಪ್ರಕೃತಿಯು (ಜಗತ್ತಿನ ಜಡ ಮೂಲವು) ಪುರುಷನ, ಅಂದರೆ ಚೇತನದ, ಬಿಡುಗಡೆಗಾಗಿ ಜಗತ್ತಾಗಿ ಹರಡುತ್ತದೆಂದು ಸಾಂಖ್ಯಕಾರಿಕೆ ಹೇಳುತ್ತದೆ. ಹಾಲು ಇಳಿಯುವುದು ಕರುವಿನ ಮೇಲಣ ಹಸುವಿನ ಅಕ್ಕರೆಯಿಂದಲ್ಲವೇ, ಹಸುವಿಗೆ ಅರಿವಿದೆಯಲ್ಲ ಎಂದು ಶಂಕರರು ಇದಕ್ಕೆ ಮರುನುಡಿದರು. ಕರುವನ್ನು ಬಿಡದ ಹೊರತು ಹಾಲಿಳಿಸದ ಮಲೆನಾಡು ಗಿಡ್ಡ ತಳಿಯ ಹಸುವನ್ನು ಸಾಕಿದವರು ಈ ವಾದದಲ್ಲಿ ಯಾರ ಪಕ್ಷ ವಹಿಸುತ್ತಾರೆಂಬುದು ಸುಲಭದ ಊಹೆ.

ಆಧುನಿಕ ಯುರೋಪಿನಲ್ಲಿ ಪ್ರಶ್ನೆಯ ರೂಪ ಇನ್ನಷ್ಟು ಸಪಾಟಾಯಿತು. ಏನೂ ಇಲ್ಲದಿರುವುದಕ್ಕೆ ಬದಲಾಗಿ ಏನಾದರೂ ಏಕೆ ಇದೆ ಎಂದು 1714ರಲ್ಲಿ ಲೈಬ್ನಿಟ್ಜ್ ಕೇಳಿ, ದೇವರನ್ನೇ ಸಾಕಷ್ಟು ಕಾರಣವೆಂದು ತೋರಿಸಿದನು. 1948ರ ಬಿಬಿಸಿ ರೇಡಿಯೋ ಸಂವಾದದಲ್ಲಿ ಜೆಸ್ವಿಟ್ ಪಾದ್ರಿ ಕೋಪಲ್‌ಸ್ಟನ್ ಅದೇ ವಾದವನ್ನು ಮುಂದಿಟ್ಟಾಗ, ವಿಶ್ವ ಇದೆ, ಅಷ್ಟೇ ಎಂದು ಬರ್ಟ್ರಂಡ್ ರಸೆಲ್ ಮಾತು ಮುಗಿಸಿದರು. ದೇವರು ಅನಾದಿಯೆಂದು ಹೇಳಿ ನಿಲ್ಲುವ ಹಕ್ಕು ಒಬ್ಬರಿಗಿದ್ದರೆ, ವಿಶ್ವದ ಬಳಿಯೇ ನಿಲ್ಲುವ ಹಕ್ಕು ಇನ್ನೊಬ್ಬರಿಗಿದೆಯೆಂಬುದು ನನ್ನ ಅಭಿಪ್ರಾಯ.

[ದೃಶ್ಯ: ಮತ್ತೆ ಬಳ್ಳಿಗಾವೆ. ಸಂಜೆ.]

ಶಂಕರರ ಗುರುವಿನ ಗುರುಗಳಾದ ಗೌಡಪಾದರ ಕಾರಿಕೆಗಳಲ್ಲಿ, ಸೃಷ್ಟಿ ಭೋಗಕ್ಕಾಗಿ ಎಂದು ಕೆಲವರು, ಕ್ರೀಡೆಗಾಗಿ ಎಂದು ಬೇರೆಯವರು ಹೇಳುತ್ತಾರೆಂದು ಪಟ್ಟಿಮಾಡಿ, ಇದು ದೇವನ ಸ್ವಭಾವ, ಆಪ್ತಕಾಮನಿಗೆ, ಅಂದರೆ ಬಯಸಿದ್ದೆಲ್ಲವೂ ಕೈಗೂಡಿದವನಿಗೆ, ಯಾತರ ಬಯಕೆ ಎಂದು ಕೇಳಿ ಮುಗಿಸುವ ಶ್ಲೋಕವೊಂದಿದೆ. ಇದನ್ನು ಉತ್ತರವೆನ್ನಬೇಕೋ, ಪ್ರಶ್ನೆಯನ್ನು ನಯವಾಗಿ ಹಿಂದಿರುಗಿಸಿದ್ದೆನ್ನಬೇಕೋ ನಾನು ಇನ್ನೂ ನಿರ್ಧರಿಸಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಇದೇ ಬಳ್ಳಿಗಾವೆಯಲ್ಲಿ ಹುಟ್ಟಿದ ಅಲ್ಲಮಪ್ರಭುವಿನ ಒಂದು ವಚನವು, ಆದಿ ಆಧಾರಗಳಿಲ್ಲದಂದು, ಶೂನ್ಯ ನಿಶ್ಶೂನ್ಯಗಳಿಲ್ಲದಂದು, ಸಚರಾಚರವೆಲ್ಲ ರಚನೆಗೆ ಬಾರದಂದು ಎಂದು ಒಂದೊಂದಾಗಿ ಎಲ್ಲವನ್ನೂ ಅಳಿಸುತ್ತ ಹೋಗುತ್ತದೆ. ನಾಸದೀಯ ಸೂಕ್ತದ ದಾರಿ ಇದೇ, ಆದರೆ ವಚನದ ಕೊನೆಯಲ್ಲಿ ಕಾಮವೂ ಇಲ್ಲ, ಕರ್ತನ ಸಂಕಲ್ಪವೂ ಇಲ್ಲ. ಗುಹೇಶ್ವರನ ಶರಣನು ಆಗಲೇ ಉದಯಿಸಿದ್ದಾನೆ. ಏಕೆಂದು ಕೇಳಬಲ್ಲವನನ್ನು ಅಲ್ಲಮನು ಸೃಷ್ಟಿಗಿಂತ ಹಿಂದಕ್ಕೆ ಒಯ್ದು ನಿಲ್ಲಿಸಿಬಿಟ್ಟಿದ್ದಾನೆ. ಕೋಡಿಯ ಮಠದ ನೈಯಾಯಿಕರು ಇದನ್ನು ಉತ್ತರವೆಂದು ಒಪ್ಪುತ್ತಿರಲಿಲ್ಲ, ಮತ್ತು ಆ ಬಗೆಗಿನ ವಾದ ಊಟದ ಪಂಕ್ತಿಯವರೆಗೂ ಮುಂದುವರಿಯುತ್ತಿತ್ತೆಂದೇ ನನ್ನ ಊಹೆ.