ಸ್ಕೀ ಕೋಚ್‌ನ ಲೆಕ್ಕ: ಎಷ್ಟು ಮಂದಿ ಕೆಳಗಿನ ಗೆರೆ ಮುಟ್ಟಿದರು?

ಅಮೆರಿಕದ ಕಾಲೇಜು ಸ್ಕೀಯಿಂಗ್‌ನಲ್ಲಿ ದೊಡ್ಡ ಹೆಡ್ ಕೋಚ್ ಯಾರು ಅಂತ ಕೇಳಿದರೆ ಎಲ್ಲರೂ ಮೊದಲು ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ (NCAA) ಟ್ರೋಫಿ ಎಣಿಸುತ್ತಾರೆ. ಡೆನ್ವರ್ ವಿಶ್ವವಿದ್ಯಾಲಯದ ವಿಲ್ಲಿ ಶೆಫ್ಲರ್, 13. ಕೊಲರಾಡೋ ವಿಶ್ವವಿದ್ಯಾಲಯದ ಬಿಲ್ ಮರೋಲ್ಟ್, 1972ರಿಂದ 1978ರವರೆಗೆ ಸತತ 7. ಅದರಲ್ಲಿ 1976ರದ್ದು ಡಾರ್ಟ್‌ಮತ್ ಕಾಲೇಜಿನ ಜೊತೆ ಹಂಚಿಕೊಂಡದ್ದು. ಅದೇ ಕೊಲರಾಡೋದ ರಿಚರ್ಡ್ ರೋಕೋಸ್, 1991ರಿಂದ 2015ರೊಳಗೆ 8. ಶೆಫ್ಲರ್ ಗೆದ್ದರು, ಮಾತು ಮುಗಿಯಿತು! ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ.

ಶೆಫ್ಲರ್ ಕಾಲದಲ್ಲಿ ಈ ಚಾಂಪಿಯನ್‌ಶಿಪ್ ಗಂಡಸರದ್ದು ಮಾತ್ರ, ಸ್ಕೀ ಜಂಪಿಂಗ್ ಕೂಡ ಇತ್ತು. ಜಂಪಿಂಗ್ 1980ರ ನಂತರ ಹೋಯಿತು. 1983ರಿಂದ ಹೆಣ್ಣುಮಕ್ಕಳ ಮತ್ತು ಗಂಡುಮಕ್ಕಳ ಅಂಕಗಳನ್ನು ಕೂಡಿಸಿ ಒಂದೇ ಟ್ರೋಫಿ ಕೊಡುತ್ತಾರೆ. ಕೆಲಸವೇ ಬದಲಾಯಿತು. ಈಗ ಹೆಡ್ ಕೋಚ್ ಎರಡು ಬೇರೆ ಬೇರೆ ಕ್ರೀಡೆ ನಡೆಸಬೇಕು: ಇಳಿಜಾರಿನಲ್ಲಿ ಗೇಟುಗಳ (ದಾರಿ ತೋರಿಸಲು ನೆಟ್ಟ ಕಂಬಗಳ) ನಡುವೆ ಧುಮುಕುವ ಆಲ್ಪೈನ್, ಕಾಡಿನ ದಾರಿಯಲ್ಲಿ ಉಸಿರು ಕಟ್ಟಿ ಓಡುವ ನಾರ್ಡಿಕ್. ಇವೆರಡಕ್ಕೂ ಹಿಮ ಒಂದೇ, ಉಳಿದದ್ದೆಲ್ಲ ಬೇರೆ.

ಚಾಂಪಿಯನ್‌ಶಿಪ್‌ಗೆ ಒಂದು ತಂಡದಿಂದ ಗರಿಷ್ಠ 12 ಜನ. ಆಲ್ಪೈನ್‌ಗೆ 3 ಹುಡುಗರು, 3 ಹುಡುಗಿಯರು, ನಾರ್ಡಿಕ್‌ಗೂ ಹಾಗೇ. ನಾಲ್ಕು ದಿನ, ಎಂಟು ರೇಸ್. ಇಲ್ಲಿ ಸ್ವಲ್ಪ ಗಮನ ಕೊಡಿ. ಪೂರ್ವ ಭಾಗದ ಕಾಲೇಜುಗಳ ವಾರಾಂತ್ಯದ ರೇಸ್‌ಗಳಲ್ಲಿ ಒಂದು ರೇಸಿಗೆ ತಂಡದಿಂದ ಆರು ಜನ ಇಳಿಯುತ್ತಾರೆ, ಚೆನ್ನಾಗಿ ಮಾಡಿದ ಮೂವರ ಅಂಕ ಲೆಕ್ಕಕ್ಕೆ ಬರುತ್ತದೆ. ಇಬ್ಬರು ಬಿದ್ದರೂ ತಂಡಕ್ಕೆ ಏನೂ ಆಗುವುದಿಲ್ಲ. ರಾಷ್ಟ್ರಮಟ್ಟದಲ್ಲಿ ಇಳಿಯುವವರೇ ಮೂವರು, ಮೂವರದ್ದೂ ಲೆಕ್ಕ. ಕ್ರಿಕೆಟ್‌ನಲ್ಲಿ ಒಬ್ಬ ಸೊನ್ನೆಗೆ ಔಟಾದರೆ ಇನ್ನೂ ಹತ್ತು ಮಂದಿ ಇರುತ್ತಾರೆ. ಇಲ್ಲಿ ಹತ್ತಿರ ಹತ್ತಿರದ ಗೇಟುಗಳ ಆಲ್ಪೈನ್ ರೇಸ್ ಆದ ಸ್ಲಾಲಂನಲ್ಲಿ ಒಂದು ಗೇಟಿಗೆ ಸ್ಕೀ ಸಿಕ್ಕಿಕೊಂಡರೆ ಆ ರೇಸಿನ ಮೂರನೇ ಒಂದು ಪಾಲು ಹೋಯಿತು.

ಜನವರಿಯಿಡೀ "ಬಿದ್ದರೂ ಪರವಾಗಿಲ್ಲ, ವೇಗ ಬಿಡಬೇಡ" ಅಂತ ಕಲಿಸಿದ ಕೋಚ್, ಚಾಂಪಿಯನ್‌ಶಿಪ್ ನಡೆಯುವ ಮಾರ್ಚ್‌ನಲ್ಲಿ ಒಂದೇ ವಾರಕ್ಕೆ ಮಾತು ಬದಲಿಸಬೇಕಾಗುತ್ತದೆ. ಪೂರ್ತಿ ಬದಲಿಸಿದರೆ ಹುಡುಗ ಹೆದರಿ ಬ್ರೇಕ್ ಹಾಕುತ್ತಾ ಇಳಿಯುತ್ತಾನೆ, ಹಿಂದೆ ಬೀಳುತ್ತಾನೆ. ಬದಲಿಸದಿದ್ದರೆ ರೇಸಿನ ಎರಡು ಓಟಗಳಲ್ಲಿ ಮೊದಲನೆಯದರಲ್ಲೇ ಹೊರಗೆ. ಒಳ್ಳೆಯ ಕೋಚ್ ಇಡೀ ಕೋರ್ಸ್‌ಗೆ ಒಂದೇ ಮಾತು ಹೇಳುವುದಿಲ್ಲ. ಇಳಿಜಾರು ಇದ್ದಕ್ಕಿದ್ದಂತೆ ಕಡಿದಾಗುವ ಜಾಗ, ಅದರ ಕೆಳಗಿನ ಎರಡು ಗೇಟು, ಅಷ್ಟರಲ್ಲಿ ಮಾತ್ರ ಗೇಟಿಗೆ ತೀರಾ ಒತ್ತದೆ ದಾರಿ ಸ್ವಲ್ಪ ಅಗಲವಾಗಿ ಹಿಡಿ ಅನ್ನುತ್ತಾನೆ. ಉಳಿದ ಕಡೆ ಬಿಟ್ಟುಬಿಡು ಅನ್ನುತ್ತಾನೆ.

ಮಾರ್ಚ್ ಹಿಮ ಇನ್ನೊಂದು ಪರೀಕ್ಷೆ. ಬಿಸಿಲಿಗೆ ಮೆತ್ತಗಾದ ಕೋರ್ಸ್‌ಗೆ ಉಪ್ಪು ಹಾಕುತ್ತಾರೆ. ಉಪ್ಪು ಕರಗುತ್ತಾ ಸುತ್ತಲಿನ ಶಾಖ ಎಳೆದುಕೊಳ್ಳುತ್ತದೆ, ಒಳಗಿನ ನೀರು ಹೆಪ್ಪುಗಟ್ಟಿ ಮೇಲ್ಪದರ ಕಲ್ಲಾಗುತ್ತದೆ. ಆದರೆ ಹಿಮದಲ್ಲಿ ನೀರಿರಬೇಕು. ಒಣ ಹಿಮಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಬೇಗ ಹಾಕಿದರೆ ಎರಡನೇ ಓಟದ ಹೊತ್ತಿಗೆ ಅದರ ಬಲ ಮುಗಿದಿರುತ್ತದೆ. ರಾಕಿ ಪರ್ವತದ ಒಣ ಹಿಮದಲ್ಲಿ ಪಳಗಿದ ತಂಡ ಪೂರ್ವದ ವರ್ಮಾಂಟ್ ರಾಜ್ಯಕ್ಕೆ ಹೋದಾಗ ಮಂಜುಗಡ್ಡೆಗೆ ಕಚ್ಚುವಷ್ಟು ಸ್ಕೀಯ ಅಂಚು ಮಸೆದಿರದಿದ್ದರೆ ಎಂಥ ಪ್ರತಿಭೆಯೂ ಪಕ್ಕಕ್ಕೆ ಜಾರುತ್ತದೆ.

ನಾರ್ಡಿಕ್‌ನಲ್ಲಿ ತಂಡ ಸೋಲುವುದು ಹೆಚ್ಚಾಗಿ ಸ್ಕೀಯ ಅಡಿಗೆ ವ್ಯಾಕ್ಸ್ (ಮೇಣ) ಹಚ್ಚುವ ಗುಡಾರದಲ್ಲಿ. ಕಾಲನ್ನು ಹಿಂದಕ್ಕೆ ಒದ್ದು ನೇರ ಮುಂದೆ ಜಾರುವ ಕ್ಲಾಸಿಕ್ ರೇಸ್‌ಗೆ ಸ್ಕೀಯ ನಡುಭಾಗ ಹಿಮ ಹಿಡಿಯಬೇಕು, ತುದಿಗಳು ಜಾರಬೇಕು. ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಹೊಸ ಹಿಮ ಬಿತ್ತೆಂದರೆ ದೊಡ್ಡ ತಲೆನೋವು: ಹಿಡಿಯುವ ವ್ಯಾಕ್ಸ್‌ಗೆ ಹಿಮ ಅಂಟಿ ಕಾಲ ಕೆಳಗೆ ಉಂಡೆ ಕಟ್ಟುತ್ತದೆ. ಪರೀಕ್ಷೆಗೆ ಇಟ್ಟ ಸ್ಕೀ ಜೋಡಿಗಳು ವ್ಯಾಕ್ಸ್ ಹಚ್ಚುವ ಮೊದಲೇ ಸಮ ವೇಗದವಾಗಿರಬೇಕು. ಇಲ್ಲದಿದ್ದರೆ ನೀವು ವ್ಯಾಕ್ಸ್ ಪರೀಕ್ಷಿಸುತ್ತಿಲ್ಲ, ಸ್ಕೀ ಪರೀಕ್ಷಿಸುತ್ತಿದ್ದೀರಿ. ಆಲ್ಪೈನ್‌ನಿಂದ ಬಂದ ಹೆಡ್ ಕೋಚ್ ಇಲ್ಲಿ ಬಾಯಿ ಹಾಕದೆ, ನಾರ್ಡಿಕ್ ಕೋಚ್‌ಗೆ ಹಣ ಮತ್ತು ಅಧಿಕಾರ ಕೊಟ್ಟು ಸುಮ್ಮನಿರುವುದು ದೊಡ್ಡ ಗುಣ.

ಅದಕ್ಕೇ ನನಗೆ ರೋಕೋಸ್ ಅವರ ಮೇಲೆ ಅಷ್ಟು ಗೌರವ. 1980ರಲ್ಲಿ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಿಂದ ಸಂಸಾರ ಸಮೇತ ತಪ್ಪಿಸಿಕೊಂಡು ಬಂದವರು. ಕೊಲರಾಡೋದಲ್ಲಿ ಮೊದಲು ಸಹಾಯಕ, ಆಮೇಲೆ ಹೆಡ್ ಕೋಚ್. 2021ರವರೆಗೆ ಮೂರು ದಶಕ ಒಂದೇ ಕುರ್ಚಿ. ಒಂದು ಟ್ರೋಫಿಗೂ ಮುಂದಿನದಕ್ಕೂ ನಡುವೆ ಒಮ್ಮೆ ಏಳು ವರ್ಷದ ಅಂತರ, 1999ರಿಂದ 2006. ಆ ಏಳು ವರ್ಷ ತಂಡವನ್ನು ಚದುರದಂತೆ ಹಿಡಿದಿಟ್ಟದ್ದು ಟ್ರೋಫಿ ಪಟ್ಟಿಯಲ್ಲಿ ಕಾಣುವುದಿಲ್ಲ.

ವಿದ್ಯಾರ್ಥಿವೇತನದ ಮಿತಿಯೂ ಬಿಗಿಯಾಗಿತ್ತು. 2025ರಲ್ಲಿ ನಿಯಮ ಬದಲಾಗುವ ಮುಂಚೆ ಒಂದು ಕಾಲೇಜು ಕೊಡಬಹುದಾಗಿದ್ದದ್ದು ಗಂಡುಮಕ್ಕಳಿಗೆ 6.3, ಹೆಣ್ಣುಮಕ್ಕಳಿಗೆ 7 ಪೂರ್ಣ ವಿದ್ಯಾರ್ಥಿವೇತನ. ಅಷ್ಟನ್ನೇ ಚೂರು ಮಾಡಿ ಇಡೀ ತಂಡಕ್ಕೆ ಹಂಚಬೇಕಿತ್ತು. ನಾರ್ವೆಯಿಂದ ಬಂದ ಹುಡುಗನಿಗೆ ಎಷ್ಟು, ಊರಿನ ಹುಡುಗಿಗೆ ಎಷ್ಟು ಅನ್ನುವ ನಿರ್ಧಾರದಲ್ಲೇ ಮುಂದಿನ ನಾಲ್ಕು ವರ್ಷದ ಫಲಿತಾಂಶ ಅಡಗಿರುತ್ತದೆ.

ಗೆದ್ದರೆ ಕೆಲಸ ಉಳಿಯುತ್ತದೆ ಅನ್ನುವಂತೆಯೂ ಇಲ್ಲ. ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯ 2004ರಲ್ಲಿ ಚಾಂಪಿಯನ್. 2018ರಲ್ಲಿ ಅಲ್ಲಿನ ಆಡಳಿತ ಖರ್ಚು ತಗ್ಗಿಸಲು ಸ್ಕೀ ತಂಡವನ್ನೇ ಕೈಬಿಡಲು ತೀರ್ಮಾನಿಸಿತು. ಆದ್ದರಿಂದ ಹೊಸ ಹೆಡ್ ಕೋಚ್ ಹುಡುಕುವ ಕಾಲೇಜುಗಳು ಅರ್ಜಿದಾರರಿಗೆ ಟ್ರೋಫಿ ಪ್ರಶ್ನೆ ಕೊನೆಗೆ ಕೇಳಲಿ. ಮೊದಲು ಕೇಳಬೇಕಾದದ್ದು: ಕಳೆದ ಐದು ಚಾಂಪಿಯನ್‌ಶಿಪ್‌ಗಳಲ್ಲಿ ನಿಮ್ಮ ಸ್ಕೀಯರ್‌ಗಳಲ್ಲಿ ಎಷ್ಟು ಮಂದಿ ರೇಸ್ ಮುಗಿಸಿದರು, ನಾರ್ಡಿಕ್‌ಗೆ ಬಜೆಟ್‌ನಲ್ಲಿ ಎಷ್ಟು ಪಾಲು ಕೊಟ್ಟಿರಿ, ಹಳೆಯ ವಿದ್ಯಾರ್ಥಿಗಳಿಂದ ವರ್ಷಕ್ಕೆ ಎಷ್ಟು ಹಣ ತಂದಿರಿ.