ಈರುಳ್ಳಿ ಬೇರಿನ ತುದಿ

ಕೇಳುಗರಿಗೆ ನಮಸ್ಕಾರ.

ಪಿಯುಸಿ ಫಲಿತಾಂಶ ಬಂದು, ನೀಟ್ ಫಲಿತಾಂಶವೂ ಬಂದ ಮೇಲೆ ನಮ್ಮ ಕಾಲೇಜಿಗೆ ಅಡ್ಮಿಷನ್ನಿಗೆ ಬರುವವರನ್ನು ನೋಡಬೇಕು. ಅಪ್ಪ ಮುಂದೆ, ಮಗಳು ಹಿಂದೆ. ಅಪ್ಪನ ಕೈಯಲ್ಲಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ಪ್ರತಿಗಳು. "ಮೆಡಿಕಲ್ ಸಿಗಲಿಲ್ಲ ಸಾರ್. ಸುಮ್ನೆ ಮನೇಲಿ ಯಾಕೆ ಕೂರೋದು ಅಂತ ಬಿಎಸ್ಸಿಗೆ ಹಾಕ್ತಿದ್ದೀವಿ." ಮಗಳು ನೆಲ ನೋಡುತ್ತಾಳೆ.

ನಾನು ಬಾಟನಿ ಮೇಷ್ಟ್ರು. ಇಪ್ಪತ್ತು ವರ್ಷದಿಂದ ಈ ಮಾತು ಕೇಳುತ್ತಿದ್ದೇನೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಒಂದೇ ಪ್ರಶ್ನೆ ಹಾಕುತ್ತೇನೆ. "ಏನಮ್ಮಾ, ನಿಮ್ಮನೆ ತುಳಸಿ ಗಿಡದ ಕಡ್ಡಿ ಗುಂಡಗಿದೆಯೋ, ಚೌಕವಾಗಿದೆಯೋ?"

ಅಪ್ಪ, ಮಗಳು ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ದಿನಾ ನೀರು ಹಾಕಿ, ಸುತ್ತು ಬಂದು, ಎಲೆ ಕಿತ್ತು ಬಾಯಿಗೆ ಹಾಕಿಕೊಳ್ಳುವ ಗಿಡ ಅದು. ಕಡ್ಡಿಯನ್ನು ಮಾತ್ರ ಯಾರೂ ನೋಡಿರುವುದಿಲ್ಲ. ಈ ಮಾತು ಮುಗಿದ ಮೇಲೆ ನೀವೂ ಒಂದು ಎಳೆ ಕಡ್ಡಿಯನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ. ಸಲೀಸಾಗಿ ಉರುಳುವುದಿಲ್ಲ. ನಾಲ್ಕು ಮೂಲೆ ಬೆರಳಿಗೆ ತಾಗುತ್ತವೆ. ಬೇಲಿ ಪಕ್ಕದ ತುಂಬೆ ಗಿಡಕ್ಕೂ ಹಾಗೇ, ಅಡುಗೆಮನೆಯ ಪುದೀನಕ್ಕೂ ಹಾಗೇ. ಮೂರೂ ಒಂದೇ ಕುಟುಂಬದವು.

ನಾನು ಓದುವಾಗ ಬಿಎಸ್ಸಿ ಬಯಾಲಜಿ ಅಂದರೆ ಸಿಬಿಝಡ್. ಕೆಮಿಸ್ಟ್ರಿ, ಬಾಟನಿ, ಝುವಾಲಜಿ. ಆಮೇಲೆ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಎಲ್ಲ ಬಂದು ಸೇರಿಕೊಂಡವು. 2021ರಲ್ಲಿ ನಮ್ಮ ರಾಜ್ಯದಲ್ಲಿ ಪದವಿ ನಾಲ್ಕು ವರ್ಷದ್ದಾಯಿತು, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ನಮ್ಮ ಕಾಲದಲ್ಲಿ ಝುವಾಲಜಿ ಲ್ಯಾಬಿನ ಬಾಗಿಲಲ್ಲೇ ಕಪ್ಪೆಯ ವಾಸನೆ, ಫಾರ್ಮಲಿನ್ ವಾಸನೆ ಎರಡೂ ಮೂಗಿಗೆ ಹೊಡೆಯುತ್ತಿದ್ದವು. ಪ್ರಾಣಿಗಳನ್ನು ಕೊಯ್ಯುವುದು ಬೇಡ ಎಂದು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2014ರಲ್ಲಿ ಹೇಳಿತು. ಒಳ್ಳೆಯದೇ ಆಯಿತು. ಇಷ್ಟೆಲ್ಲ ಬದಲಾದರೂ ಒಂದು ಮಾತ್ರ ಇದ್ದ ಹಾಗೇ ಇದೆ. ಅದು ರೆಕಾರ್ಡ್ ಪುಸ್ತಕ.

ರೆಕಾರ್ಡ್ ಅಂದರೆ ಲ್ಯಾಬಿನಲ್ಲಿ ಕಂಡದ್ದನ್ನು ಬರೆಯುವ ಪುಸ್ತಕ. ಒಂದು ಪುಟ ಖಾಲಿ, ಒಂದು ಪುಟ ಗೆರೆ. ಖಾಲಿ ಪುಟದಲ್ಲಿ ಪೆನ್ಸಿಲ್ ಚಿತ್ರ. ಆದರೆ ಹುಡುಗರು ಅದನ್ನು ಬರೆಯುವುದು ಹಾಸ್ಟೆಲಿನಲ್ಲಿ, ರಾತ್ರಿ, ಸೀನಿಯರ್ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡು. ಸೀನಿಯರ್ ತನ್ನ ಸೀನಿಯರಿನದನ್ನು ನೋಡಿ ಬರೆದಿರುತ್ತಾನೆ. ಹೀಗೆ ಒಂದೇ ಈರುಳ್ಳಿ ಬೇರಿನ ಚಿತ್ರ ನಲವತ್ತು ವರ್ಷ ಕೈ ಬದಲಾಯಿಸುತ್ತಾ ಬಂದಿರುತ್ತದೆ.

ನಾನೂ ಅದನ್ನೇ ಮಾಡಿದ್ದೆ. ಈರುಳ್ಳಿ ಬೇರಿನ ತುದಿಯಲ್ಲಿ ಜೀವಕೋಶ ಒಡೆದು ಎರಡಾಗುವುದನ್ನು ನೋಡುವ ಪ್ರಯೋಗ ಅದು. ಎರಡನೇ ವರ್ಷದಲ್ಲಿ ಅದರ ಒಂದು ಹಂತವಾದ ಮೆಟಾಫೇಸ್ ಚಿತ್ರ ಎಷ್ಟು ಚೆನ್ನಾಗಿ ಬರೆದಿದ್ದೆ ಅಂದರೆ ಗೆಳೆಯರೆಲ್ಲ ಕೇಳಿ ಪಡೆದರು. ಪ್ರಾಕ್ಟಿಕಲ್ ಪರೀಕ್ಷೆಗೆ ಹೊರಗಿನಿಂದ ಬಂದ ಎಕ್ಸಾಮಿನರ್ ಪುಟ ನೋಡಿ, "ಚೆನ್ನಾಗಿದೆ. ಈಗ ಮೈಕ್ರೋಸ್ಕೋಪಿನಲ್ಲಿ ಇದರ ಮೇಲೆ ಪಾಯಿಂಟರ್ ಇಡು" ಅಂದರು. ಕಣ್ಣಿಟ್ಟು ನೋಡುವ ಮಸೂರದೊಳಗೆ ಸೂಜಿಯಂಥ ಕಪ್ಪು ಗೆರೆ ಇರುತ್ತದಲ್ಲ, ಅದೇ ಪಾಯಿಂಟರ್. ಹತ್ತು ನಿಮಿಷ ಸ್ಲೈಡನ್ನು ಆ ಕಡೆ ಈ ಕಡೆ ತಳ್ಳಿದೆ. ನಾನು ಅಷ್ಟು ಚೆಂದ ಬರೆದದ್ದು ಕಣ್ಣಿಗೆ ಬಿದ್ದಾಗಲೂ ನನಗೆ ಗುರುತು ಸಿಗಲಿಲ್ಲ. ಅವರೇ ತೋರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಪ್ರಯೋಗ ಹೇಗೆ ಅಂದರೆ, ಒಂದು ಈರುಳ್ಳಿಯ ಒಣ ಬೇರು ಸವರಿ, ಬುಡ ನೀರಿಗೆ ತಾಗುವ ಹಾಗೆ ಬಾಟಲಿಯ ಬಾಯಿಯ ಮೇಲೆ ಕೂರಿಸಬೇಕು. ಮೂರ್ನಾಲ್ಕು ದಿನದಲ್ಲಿ ಬಿಳಿ ಬೇರು ಇಳಿಯುತ್ತವೆ. ಬೆಳಿಗ್ಗೆ ಹೊತ್ತು ತುದಿಗಳನ್ನು ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ, ಮೂರು ಪಾಲು ಆಲ್ಕೋಹಾಲಿನಲ್ಲಿ ನೆನೆಹಾಕಬೇಕು. ಮರುದಿನ ಬಣ್ಣ ಹಾಕಿ ಸ್ಪಿರಿಟ್ ದೀಪದ ಮೇಲೆ ಬೆಚ್ಚಗೆ ಮಾಡಬೇಕು, ಕುದಿಸಬಾರದು. ಗಾಢ ಕೆಂಪಾದ ತುದಿ ಇರುತ್ತದಲ್ಲ, ಸಾಸಿವೆ ಕಾಳಿನಷ್ಟು, ಅದೊಂದನ್ನೇ ಸ್ಲೈಡಿಗೆ ಹಾಕಿ ಕವರ್‌ಸ್ಲಿಪ್ ಮುಚ್ಚಿ, ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರವಾಗಿ ಒತ್ತಬೇಕು. ಬೆರಳು ಕೂದಲೆಳೆಯಷ್ಟು ಜಾರಿತೋ, ಎಲ್ಲ ಗೋವಿಂದ. ಮತ್ತೆ ಮೊದಲಿನಿಂದ.

ಸರಿಯಾಗಿ ಬಂದರೂ ನೂರಾರು ಜೀವಕೋಶಗಳಲ್ಲಿ ಹೆಚ್ಚಿನವು ಸುಮ್ಮನೆ ಕೂತಿರುತ್ತವೆ. ಅಲ್ಲೊಂದು ಇಲ್ಲೊಂದು ಒಡೆದು ಎರಡಾಗುತ್ತಿರುತ್ತದೆ. ಆಗ ಅದರೊಳಗೆ ಕ್ರೋಮೋಸೋಮುಗಳು ಕಾಣುತ್ತವೆ, ವಂಶದ ಗುಣ ಹೊತ್ತ ದಾರದ ತುಂಡಿನಂಥವು. ಈರುಳ್ಳಿಗೆ 16 ಕ್ರೋಮೋಸೋಮು. ಎಣಿಸಲು ಹೋದರೆ ಒಂದರ ಮೇಲೊಂದು ಬಿದ್ದು ಒಮ್ಮೆ 13 ಬರುತ್ತದೆ, ಇನ್ನೊಮ್ಮೆ 17. ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಹೀಗೇ ಮೈಕ್ರೋಸ್ಕೋಪಿನ ಮುಂದೆ ಕೂತವರು. ಕಬ್ಬಿನ ಕ್ರೋಮೋಸೋಮು ಈರುಳ್ಳಿಯದರಷ್ಟು ದೊಡ್ಡವೂ ಅಲ್ಲ, ಅಷ್ಟು ಕಡಿಮೆಯೂ ಅಲ್ಲ. ಬೆಳೆಗಿಡಗಳ ಕ್ರೋಮೋಸೋಮ್ ಲೆಕ್ಕವನ್ನೆಲ್ಲ ಒಟ್ಟು ಮಾಡಿ ಇಂಗ್ಲೆಂಡಿನ ವಿಜ್ಞಾನಿ ಡಾರ್ಲಿಂಗ್ಟನ್ ಅವರ ಜೊತೆ 1945ರಲ್ಲಿ ಪುಸ್ತಕವನ್ನೇ ತಂದರು. ನಮ್ಮ ಹುಡುಗಿಯರಿಗೆ ಅವರ ಫೋಟೋ ತೋರಿಸಿ ಇದನ್ನು ಹೇಳುತ್ತೇನೆ.

ಕನ್ನಡ ಮೀಡಿಯಂನಿಂದ ಬಂದವರ ಕಷ್ಟ ಬೇರೆ. ಹೈಸ್ಕೂಲಿನಲ್ಲಿ ಪತ್ರಹರಿತ್ತು ಅಂತ ಓದಿದ್ದು ಇಲ್ಲಿ ಕ್ಲೋರೋಫಿಲ್ ಆಗಿರುತ್ತದೆ. ಅದರ ಮೇಲೆ ಲ್ಯಾಟಿನ್ ಹೆಸರುಗಳು ಬೇರೆ. ಉರು ಹೊಡೆದರೆ ಪರೀಕ್ಷೆ ಮುಗಿದ ಸಂಜೆಯೇ ಮರೆತುಹೋಗುತ್ತವೆ. ನಾನು ಕ್ಲಾಸಿಗೆ ಒಂದು ಹಿಡಿ ಕಪ್ಪು ಕಡಲೆ ತೆಗೆದುಕೊಂಡು ಹೋಗುತ್ತೇನೆ. ಅದರ ಹೆಸರು ಸೈಸರ್ ಏರಿಯೆಟಿನಮ್. ಏರೀಸ್ ಅಂದರೆ ಲ್ಯಾಟಿನ್ನಿನಲ್ಲಿ ಟಗರು. ಒಂದು ಕಾಳನ್ನು ತಿರುಗಿಸಿ ನೋಡಿ. ಮುಂದಕ್ಕೆ ಚಾಚಿದ ಮೂತಿ, ಪಕ್ಕದಲ್ಲಿ ಸುತ್ತಿದ ಕೊಂಬಿನ ಹಾಗೆ ಉಬ್ಬು. ಟಗರಿನ ತಲೆಯೇ ಅಲ್ವಾ? ಅಡಿಕೆ ಮರದ ಹೆಸರು ಅರೆಕಾ. ಅದಂತೂ ನಮ್ಮ ಅಡಿಕೆಯ ನೆಂಟ. ಮಲೆಯಾಳದ ಅಡಕ್ಕ ಪೋರ್ಚುಗೀಸರ ಬಾಯಲ್ಲಿ ಅರೆಕಾ ಆಗಿ ಲ್ಯಾಟಿನ್ನಿಗೆ ಹೋಯಿತು. ಇದನ್ನು ಕೇಳಿದ ಮೇಲೆ ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ, "ಹಾಗಾದ್ರೆ ಅರ್ಧ ಲ್ಯಾಟಿನ್ ನಂಗೆ ಬರ್ತದೆ ಸಾರ್" ಅಂದ.

ಇನ್ನು ಕೆಲಸದ ಮಾತು. ಅಪ್ಪ ಅಮ್ಮಂದಿರು ಅದಕ್ಕೇ ಕಾಯುತ್ತಿರುತ್ತೀರಿ. ಬರೀ ಬಿಎಸ್ಸಿಗೆ ಸಿಗುವ ಕೆಲಸ ಕಡಿಮೆ, ಸಂಬಳವೂ ಕಡಿಮೆ. ಇದನ್ನು ಮುಚ್ಚಿಡುವುದಿಲ್ಲ. ಬಿಎಡ್ ಮಾಡಿದರೆ ಮೇಷ್ಟ್ರಾಗಬಹುದು. ಎಂಎಸ್ಸಿ ಮಾಡಿ ಔಷಧ, ಆಹಾರ, ಬಿತ್ತನೆ ಬೀಜದ ಲ್ಯಾಬುಗಳಿಗೆ ಹೋಗುವವರು ಜಾಸ್ತಿ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಬಾಟನಿ, ಝುವಾಲಜಿ ಓದಿದವರು ಕೂರಬಹುದು. ಬೆಂಗಳೂರಿನ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತವೆ. ಎರಡು ತಿಂಗಳು ದೊಡ್ಡ ಲ್ಯಾಬಿನಲ್ಲಿ ಕೆಲಸ ಮಾಡಬಹುದು. ಸಣ್ಣ ಊರಿನ ಕಾಲೇಜಿನವರು ನಮಗೆಲ್ಲಿ ಸಿಗುತ್ತದೆ ಅಂತ ಅರ್ಜಿಯನ್ನೇ ಹಾಕುವುದಿಲ್ಲ. ಹಾಕಿ.

ಹೋದ ವರ್ಷ ಒಬ್ಬಳು ರೆಕಾರ್ಡ್ ಸಹಿಗೆ ತಂದಳು. ಅಡ್ಮಿಷನ್ ದಿನ ನೆಲ ನೋಡುತ್ತಿದ್ದವಳೇ. ಈರುಳ್ಳಿ ಬೇರಿನ ಪುಟದಲ್ಲಿ ಮೂರು ಹಂತದ ಚಿತ್ರ ಬರೆದಿದ್ದಳು. ಇನ್ನೊಂದು ಹಂತದ ಜಾಗ ಖಾಲಿ. ಕೆಳಗೆ ಪೆನ್ಸಿಲಿನಲ್ಲಿ, "ಅನಾಫೇಸ್ ಕಾಣಲಿಲ್ಲ." ಕ್ರೋಮೋಸೋಮುಗಳು ಎರಡು ಕಡೆಗೆ ಸರಿಯುವ ಹಂತ ಅದು. ಸಹೋದ್ಯೋಗಿಯೊಬ್ಬರು ಮಾರ್ಕ್ಸ್ ಕಡಿಮೆ ಮಾಡಿ ಅಂದರು. ನಾನು ಪೂರ್ತಿ ಕೊಟ್ಟು ಸಹಿ ಹಾಕಿದೆ. ಆ ಬಗ್ಗೆ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಜಗಳವೂ ಆಯಿತು.

ಎರಡು ವಾರ ಬಿಟ್ಟು ಜಾಮ್ ಬಾಟಲಿಯ ಮೇಲೆ ಈರುಳ್ಳಿ ಕೂರಿಸಿಕೊಂಡು ಬಂದಳು. ಹಾಸ್ಟೆಲಿನ ಕಿಟಕಿಯಲ್ಲಿ ಬೆಳೆಸಿದ್ದಂತೆ. ಮರುದಿನ ಸಂಜೆ ಲ್ಯಾಬಿಗೆ ಬೀಗ ಹಾಕಲು ಅಟೆಂಡರ್ ನಿಂತಿದ್ದಾನೆ, ಇವಳು ಏಳುವುದಿಲ್ಲ. ಆಮೇಲೆ ನನ್ನನ್ನು ಕರೆದು ಆ ಖಾಲಿ ಜಾಗದಲ್ಲಿ ಬರೆದ ಚಿತ್ರ ತೋರಿಸಿದಳು. ಪುಸ್ತಕಗಳಲ್ಲಿ ಕ್ರೋಮೋಸೋಮುಗಳು ಎರಡು ಕಡೆಗೂ ಸಮನಾಗಿ ಸರಿದಿರುತ್ತವೆ. ಇವಳ ಚಿತ್ರದಲ್ಲಿ ಒಂದು ಮಾತ್ರ ನಡುವೆ ಹಿಂದೆ ಬಿದ್ದಿತ್ತು. "ಇದೇನಮ್ಮಾ, ತಪ್ಪಲ್ವಾ?" ಅಂದೆ.

"ಪಾಯಿಂಟರ್ ಇಟ್ಟಿದ್ದೀನಿ, ನೋಡಿ ಸಾರ್" ಅಂದಳು.

ಕನ್ನಡಕ ತೆಗೆದು ಕಣ್ಣಿಟ್ಟೆ. ಒಂದು ಹಿಂದೆ ಬಿದ್ದಿತ್ತು.

ನಮಸ್ಕಾರ.